ಎರಡು ಊರಿನ ಮನಿಆರ್ಡರು

ಕಾರ್ಕಳದಿಂದ ಮಾಳದ ಕಡೆಗೆ ಹೊರಟರೆ ನಡುವೆ ಸಿಗುವ ದೊಡ್ಡ ಪೇಟೆಯೆಂದರೆ ನಮ್ಮ ಬಜಗೋಳಿ. ಇಲ್ಲಿ ದಾರಿ ಎರಡಾಗುತ್ತದೆ. ಒಂದು ಘಟ್ಟ ಹತ್ತಿ ಕುದುರೆಮುಖ, ಶೃಂಗೇರಿಯ ಕಡೆಗೆ ಹೋದರೆ ಇನ್ನೊಂದು ನಾರಾವಿಯ ಮೇಲಾಗಿ ಗುರುವಾಯನಕೆರೆಗೆ ಹೋಗುತ್ತದೆ. ಆದರೆ ನಾನು ಹುಡುಗಿಯಾಗಿದ್ದಾಗ ನಮ್ಮೂರಿನ ಮನೆಮನೆಗೂ ಗೊತ್ತಿದ್ದ ದಾರಿ ಬೇರೆಯೇ ಒಂದಿತ್ತು. ಅದು ಬೊಂಬಾಯಿಯ ದಾರಿ. ‘ಅವರ ಮನೆಯ ಹುಡುಗ ಬೊಂಬಾಯಿಗೆ ಓಡಿಹೋದನಂತೆ’ ಎಂದು ಯಾರಾದರೂ ಹೇಳಿದರೆ ಕೇಳಿದವರು ಅಷ್ಟೇನೂ ಗಾಬರಿಯಾಗುತ್ತಿರಲಿಲ್ಲ. ಇನ್ನು ಆರು ತಿಂಗಳಿಗೆ ಆ ಮನೆಗೆ ಮನಿಆರ್ಡರು ಬಂದೀತು ಎಂದು ಲೆಕ್ಕ ಹಾಕುತ್ತಿದ್ದರು.

ಓಡಿಹೋಗಲು ಕಾರಣವೂ ಎಲ್ಲರಿಗೂ ಗೊತ್ತಿತ್ತು. ಗದ್ದೆ ಇದ್ದರೂ ಅದು ಗೇಣಿಯ ಗದ್ದೆ. ಧಣಿಗಳ ಮನೆಗೆ ಅಕ್ಕಿಮುಡಿ ಅಳೆದು ಕೊಟ್ಟ ಮೇಲೆ ಉಳಿದದ್ದು ಆಟಿ ತಿಂಗಳು ಬರುವ ಮೊದಲೇ ಮುಗಿಯುತ್ತಿತ್ತು. ಹನ್ನೆರಡು, ಹದಿಮೂರು ವರ್ಷದ ಹುಡುಗರು ಯಾರದೋ ಪರಿಚಯ ಹಿಡಿದು ಹೋಗಿ ಉಡುಪಿ ಹೊಟೇಲುಗಳಲ್ಲಿ ಲೋಟ ತೊಳೆಯಲು ನಿಲ್ಲುತ್ತಿದ್ದರು. ಹಗಲು ಕೆಲಸ, ರಾತ್ರಿ ಅಲ್ಲಿನ ಕನ್ನಡ ಸಂಘಗಳು ನಡೆಸುತ್ತಿದ್ದ ರಾತ್ರಿಶಾಲೆ, ಮಲಗುವುದು ಅದೇ ಹೊಟೇಲಿನ ಮೇಜಿನ ಮೇಲೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಒಕ್ಕಲುಗಳಿಗೆ ಗದ್ದೆ ಸಿಕ್ಕಿತು. ಆಗ ಭೂಮಿ ಕಳಕೊಂಡ ಮನೆಗಳ ಮಕ್ಕಳೂ ಅದೇ ದಾರಿ ಹಿಡಿದರು. ಹೀಗೆ ಒಕ್ಕಲಿನ ಮಗನೂ ಧಣಿಯ ಮಗನೂ ಬೊಂಬಾಯಿಯ ಒಂದೇ ಹೊಟೇಲಿನ ಗಲ್ಲದ ಆಚೆ ಈಚೆ ನಿಂತದ್ದುಂಟು.

ನನ್ನ ಸೋದರಮಾವನೂ ಹೀಗೆ ಹೋದವನೇ. ಅವನ ಕಾಗದಗಳನ್ನು ಅಮ್ಮ ಗಟ್ಟಿಯಾಗಿ ಓದುತ್ತಿದ್ದಳು; ಓದಲು ಬಾರದ ಅಜ್ಜಿ ಗೋಡೆಗೊರಗಿ ಕೇಳುತ್ತಿದ್ದಳು. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಬಂದ ಒಂದು ಕಾಗದದಲ್ಲಿ, ‘ನಾನು ಕ್ಷೇಮ. ಈಗ ಹೊರಗೆ ಹೋಗುವಾಗ ಪ್ಯಾಂಟು ಹಾಕಿಕೊಳ್ಳುತ್ತೇನೆ’ ಎಂದು ಬರೆದಿದ್ದ. ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡದ್ದನ್ನು ಕ್ಷೇಮ ಸಮಾಚಾರದ ಜೊತೆ ಯಾಕೆ ಬರೆದನೆಂದು ಅಜ್ಜಿಗೆ ಅರ್ಥವಾಗಲಿಲ್ಲ. ‘ಸಾಹೇಬನಾಗಿರಬೇಕು’ ಎಂದು ನಕ್ಕಳು. ಅದು 1966. ಆ ಒಂದು ಸಾಲಿನ ಹಿಂದೆ ಎಷ್ಟು ದೊಡ್ಡ ಕತೆಯಿತ್ತೆಂದು ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ಏಕೆಂದರೆ ಆ ಕತೆ ಈಗ ನಮ್ಮ ಪೇಟೆಗೂ ಬಂದಿದೆ, ಪಾತ್ರಗಳು ಮಾತ್ರ ಅದಲುಬದಲಾಗಿವೆ.

ಮರಾಠಿ ಮಾತನಾಡುವವರಿಗೆ ಒಂದು ರಾಜ್ಯ ಬೇಕು, ಅದರಲ್ಲಿ ಬೊಂಬಾಯಿ ಇರಬೇಕು ಎಂದು 1950ರ ದಶಕದಲ್ಲಿ ದೊಡ್ಡ ಚಳವಳಿ ನಡೆಯಿತು. ಗೋಲಿಬಾರಿನಲ್ಲಿ ನೂರಕ್ಕೂ ಮಿಕ್ಕಿ ಜನ ಸತ್ತರು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತು, ಬೊಂಬಾಯಿ ಅದರ ರಾಜಧಾನಿಯಾಯಿತು. ಇಷ್ಟೆಲ್ಲಾ ಆದ ಮೇಲೆ ಮರಾಠಿ ಮಧ್ಯಮವರ್ಗದ ಹುಡುಗ ಒಂದು ದಿನ ಬೆಳಗ್ಗೆ ಎದ್ದು ನೋಡುತ್ತಾನೆ, ಏನೂ ಬದಲಾಗಿಲ್ಲ. 1961ರ ಜನಗಣತಿಯಂತೆ ನಗರದಲ್ಲಿ ಮರಾಠಿ ಮನೆಮಾತಿನವರು ನೂರಕ್ಕೆ ಸುಮಾರು 43 ಮಾತ್ರ. ಗಿರಣಿ, ಬ್ಯಾಂಕು, ಸಗಟು ವ್ಯಾಪಾರದ ಬಂಡವಾಳ ಬಹುಪಾಲು ಗುಜರಾತಿ, ಪಾರ್ಸಿ, ಮಾರವಾಡಿಗಳ ಕೈಯಲ್ಲಿ. ಕಚೇರಿಯ ಭಾಷೆ ಇಂಗ್ಲಿಷು. ಅಲ್ಲಿನ ಗುಮಾಸ್ತೆ, ಟೈಪಿಸ್ಟು, ಸ್ಟೆನೋ ಕೆಲಸಗಳಲ್ಲಿ ತಮಿಳರು, ಮಲೆಯಾಳಿಗಳು ಬೇಕಷ್ಟಿದ್ದರು. ಹಳೆಯ ಮದ್ರಾಸ್ ಪ್ರಾಂತದ ಶಾಲೆಗಳಲ್ಲಿ ಇಂಗ್ಲಿಷು ಕಲಿತು, ಟೈಪಿಂಗು ಶಾರ್ಟ್‌ಹ್ಯಾಂಡು ಪಾಸು ಮಾಡಿ ಬಂದವರು ಅವರು. ಓದಿದ ಮರಾಠಿ ಹುಡುಗನಿಗೆ ಬೇಕಾಗಿದ್ದದ್ದೂ ಅದೇ ಕೆಲಸ. ತನ್ನ ಮನೆಯಲ್ಲೇ ತಾನು ನೆಂಟನಂತಾದೆ ಎಂಬ ಅವನ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಇದೇ ಮಾತು ಹೇಳುವುದನ್ನು ಕೇಳಿದ್ದೇವಲ್ಲ.

ಆ ನೋವಿಗೆ ದನಿ ಕೊಟ್ಟವರು ಬಾಳ ಠಾಕ್ರೆ. ಅವರು ಮೊದಲು ‘ಫ್ರೀ ಪ್ರೆಸ್ ಜರ್ನಲ್’ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರ. ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಕೂಡ ಅಲ್ಲೇ ಅವರ ಜೊತೆಗಿದ್ದವರು. ಠಾಕ್ರೆ ಆ ಕೆಲಸ ಬಿಟ್ಟು 1960ರಲ್ಲಿ ‘ಮಾರ್ಮಿಕ್’ ಎಂಬ ವಾರಪತ್ರಿಕೆ ಆರಂಭಿಸಿದರು. ದೊಡ್ಡ ದೊಡ್ಡ ಕಂಪನಿಗಳ ಅಧಿಕಾರಿಗಳ ಹೆಸರುಗಳನ್ನು ಆ ಪತ್ರಿಕೆ ಪಟ್ಟಿಮಾಡಿ ಅಚ್ಚುಹಾಕತೊಡಗಿತು. ಅಯ್ಯರ್, ಮೆನನ್, ರಾವ್, ಶೆಟ್ಟಿ, ಹೀಗೆ ಹೆಸರಿನ ಮೇಲೆ ಹೆಸರು. ಅದರ ತಲೆಬರಹ ‘ವಾಚಾ ಆಣಿ ಥಂಡ ಬಸಾ’. ಓದಿ ಸುಮ್ಮನೆ ಕೂತುಕೊಳ್ಳಿ ಎಂಬ ಚುಚ್ಚುಮಾತು. ಸ್ವಲ್ಪ ಸಮಯದಲ್ಲಿ ಅದು ‘ವಾಚಾ ಆಣಿ ಉಠಾ’ ಆಯಿತು, ಓದಿ ಎದ್ದೇಳಿ! 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಅದೇ ವರ್ಷ ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನಲ್ಲಿ ದೊಡ್ಡ ಸಭೆ ಸೇರಿತು. ಸಭೆ ಮುಗಿಸಿ ಹೊರಟ ಗುಂಪುಗಳು ದಕ್ಷಿಣದವರ ಹೊಟೇಲುಗಳಿಗೆ ಕಲ್ಲೆಸೆದವು. ‘ಬಜಾವೋ ಪುಂಗಿ, ಹಟಾವೋ ಲುಂಗಿ’ ಎಂಬ ಘೋಷಣೆ ಬೀದಿ ಬೀದಿಯಲ್ಲಿ ಕೇಳಿಬಂತು. ಮಾವನ ಪ್ಯಾಂಟಿನ ಅರ್ಥ ಇದು.

ಈಗ ಒಂದು ವಿಷಯ ಗಮನಿಸಿ. ಜಗಳ ಇದ್ದದ್ದು ಕಚೇರಿಯ ಕುರ್ಚಿಗಾಗಿ. ಆ ಕುರ್ಚಿ ಇದ್ದದ್ದು ಫೋರ್ಟಿನ ಕಟ್ಟಡಗಳ ಮೂರನೆಯ, ನಾಲ್ಕನೆಯ ಮಾಳಿಗೆಯಲ್ಲಿ, ಗೂರ್ಖಾ ಕಾವಲಿನ ಹಿಂದೆ. ಕಲ್ಲು ಬಿದ್ದದ್ದು ಮಾತ್ರ ಬೀದಿ ಮೂಲೆಯ ಉಡುಪಿ ಹೊಟೇಲಿಗೆ. ಅಲ್ಲಿ ಲೋಟ ತೊಳೆಯುವ ಕೆಲಸ ಬೇಕೆಂದು ಶಿವಾಜಿ ಪಾರ್ಕಿಗೆ ಬಂದ ಯಾವ ಪದವೀಧರನೂ ಕೇಳಿರಲಿಲ್ಲ. ಆದರೆ ಹೊಟೇಲು ಕೈಗೆ ಎಟಕುತ್ತಿತ್ತು. ಅದಕ್ಕೆ ಗಾಜಿನ ಕಪಾಟು ಇತ್ತು, ಬೋರ್ಡು ಇತ್ತು, ಒಳಗಿಂದ ಸಾಂಬಾರಿನ ಪರಿಮಳ ಬರುತ್ತಿತ್ತು, ಗಲ್ಲದಲ್ಲಿ ಪಂಚೆಯುಟ್ಟವರು ಕೂತು ‘ಯಂಡುಗುಂಡು’ ಮಾತಾಡುತ್ತಿದ್ದರು. ಅರ್ಥವಾಗದ ಭಾಷೆಗೆ ಅವರಿಟ್ಟ ಹೆಸರು ಅದು. ಹಾಗೆ ನೋಡಿದರೆ ದಕ್ಷಿಣದ ನಾಲ್ಕು ಭಾಷೆಯವರನ್ನೂ ಒಟ್ಟು ಸೇರಿಸಿದರೂ ಆಗಿನ ಬೊಂಬಾಯಿಯಲ್ಲಿ ನೂರಕ್ಕೆ ಹತ್ತು ಮಂದಿ ಆಗುತ್ತಿರಲಿಲ್ಲ. ನಮ್ಮನ್ನು ಎಲ್ಲರ ಜೊತೆ ಸೇರಿಸಿ ‘ಮದ್ರಾಸಿ’ ಎಂದರು. ಅದಕ್ಕೂ ಒಂದು ಕಾರಣ ಸಿಗುತ್ತದೆ ಅನ್ನಿ. 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನ ಆಡಳಿತದಲ್ಲೇ ಇತ್ತು. ತುಳು ಬೇರೆ, ತಮಿಳು ಬೇರೆ ಎಂದು ಕಲ್ಲು ಹಿಡಿದು ನಿಂತವನಿಗೆ ವಿವರಿಸುವವರು ಯಾರು?

ನಗರದ ಹಣ ಯಾರ ಕೈಯಲ್ಲಿತ್ತೋ ಅವರ ಕಡೆಗೆ ಮಾತ್ರ ಕಲ್ಲು ಹೋಗಲಿಲ್ಲ. ಗಿರಣಿ ಮಾಲಿಕರಿಗೆ ಆಗ ತಲೆನೋವಾಗಿದ್ದದ್ದು ಕಮ್ಯುನಿಸ್ಟರ ಕಾರ್ಮಿಕ ಸಂಘಗಳು. ಮರಾಠಿ ಎಂಬ ಹೆಸರಿನಲ್ಲಿ ಕೆಲಸಗಾರರನ್ನು ಬೇರೆ ಮಾಡುವ ಒಂದು ಪಕ್ಷ ಅವರಿಗೆ ಬೇಡವಾಗಿರಲಿಲ್ಲ. ಆಳುವ ಕಾಂಗ್ರೆಸ್ಸಿನವರೂ ಕಣ್ಣುಮುಚ್ಚಿ ಕೂತರು. 1963ರಿಂದ ಮುಖ್ಯಮಂತ್ರಿಯಾಗಿದ್ದ ವಸಂತರಾವ್ ನಾಯಕರ ಹೆಸರು ಸೇರಿಸಿ ಜನ ಅದನ್ನು ‘ವಸಂತ ಸೇನೆ’ ಎಂದು ಗೇಲಿ ಮಾಡಿದ್ದು ಸುಮ್ಮನೆ ಅಲ್ಲ. 1970ರ ಜೂನ್‌ನಲ್ಲಿ ಪರೇಲಿನ ಕಮ್ಯುನಿಸ್ಟ್ ಶಾಸಕ ಕೃಷ್ಣಾ ದೇಸಾಯಿಯವರ ಕೊಲೆಯಾಯಿತು. ಅವರು ಮರಾಠಿಯವರೇ. ತೆರವಾದ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಗೆದ್ದು ವಾಮನರಾವ್ ಮಹಾಡಿಕ್ ಸೇನೆಯ ಮೊದಲ ಶಾಸಕರಾದರು. ಹೊರಗಿನವರ ವಿರುದ್ಧ ಎಂದು ಹೊರಟ ದಾರಿ ಒಳಗಿನವನ ಅಂಗಳಕ್ಕೂ ಬಂದಿತ್ತು.

ಈ ಕತೆಯಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಒಂದಿದೆ. ಬೊಂಬಾಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಮರಾಠಿಯವರಲ್ಲಿ ಬಹಳ ಮಂದಿ ಕೊಂಕಣದ ರತ್ನಾಗಿರಿ ಕಡೆಯವರು. ಅದೂ ನಮ್ಮದೇ ಕರಾವಳಿ, ಅದೇ ಮಳೆ, ಅದೇ ಕೆಂಪುಮಣ್ಣು, ಅದೇ ಗೇರುಮರ. ಗದ್ದೆ ಸಾಲದೆ ಗಂಡಸರು ಬೊಂಬಾಯಿಗೆ ಹೋಗಿ ಚಾಳಿನ ಒಂದೊಂದು ಕೋಣೆಯಲ್ಲಿ ಹತ್ತಾರು ಮಂದಿ ಪಾಳಿಯ ಮೇಲೆ ಮಲಗುತ್ತಿದ್ದರು. ಊರಿನಲ್ಲಿ ಹೆಂಗಸರು ಗದ್ದೆ, ದನಕರು, ಮುದುಕರನ್ನು ನೋಡಿಕೊಳ್ಳುತ್ತಾ ಮನಿಆರ್ಡರಿಗೆ ಕಾಯುತ್ತಿದ್ದರು. ಅರ್ಥಶಾಸ್ತ್ರ ಬರೆದವರು ರತ್ನಾಗಿರಿಯನ್ನು ಮನಿಆರ್ಡರಿನ ಜಿಲ್ಲೆ ಎಂದೇ ಕರೆದರು. ನಮ್ಮಜ್ಜಿ ಬಜಗೋಳಿಯಲ್ಲಿ ಟಪ್ಪಾಲಿನವನ ದಾರಿ ಕಾಯುವ ಹೊತ್ತಿಗೆ ಚಿಪಳೂಣಿನ ಹತ್ತಿರದ ಯಾವುದೋ ಹಳ್ಳಿಯಲ್ಲಿ ಇನ್ನೊಬ್ಬಳು ಅಜ್ಜಿಯೂ ಕಾಯುತ್ತಿದ್ದಳು. ಒಬ್ಬಳ ಮಗ ಹೊಟೇಲಿನ ಒಳಗೆ; ಇನ್ನೊಬ್ಬಳ ಮಗ, ಯಾರಿಗೆ ಗೊತ್ತು, ಹೊರಗೆ ಬೀದಿಯಲ್ಲಿ. ಇಬ್ಬರಿಗೂ ಬೇಕಾದದ್ದು ಮಳೆಗಾಲಕ್ಕೆ ಅಕ್ಕಿ.

ಗಿರಣಿಯ ಹುಡುಗರಿಗೆ ಅನ್ನ ಬೇಯಿಸಿ ಹಾಕುತ್ತಿದ್ದವರು ಅದೇ ಗಿರಣಗಾವಿನ ಖಾನಾವಳಿ ಹೆಂಗಸರು. ತಿಂಗಳ ಸಂಬಳ ಬಂದ ಮೇಲೆ ಲೆಕ್ಕ ಚುಕ್ತಾ. ಮುಷ್ಕರ ಬಂದರೆ ಸಾಲ ಅವರ ತಲೆಯ ಮೇಲೆ. 1975ರಲ್ಲಿ ಪ್ರೇಮಾ ಪುರವ್ ಅವರನ್ನು ಸೇರಿಸಿ ‘ಅನ್ನಪೂರ್ಣಾ ಮಹಿಳಾ ಮಂಡಳ’ ಕಟ್ಟಿ ಬ್ಯಾಂಕು ಸಾಲ ಕೊಡಿಸಿದರು. ಭಾಷಣ ಮಾಡುವವರು ಮಣ್ಣಿನ ಮಕ್ಕಳ ಬಗ್ಗೆ ಬಹಳ ಮಾತಾಡಿದರು. ಆ ಮಣ್ಣಿನ ಮಕ್ಕಳಿಗೆ ಕಡ ಹೇಳಿ ಅನ್ನ ಹಾಕಿದವರ ಮಾತು ಅವರ ಭಾಷಣದಲ್ಲಿ ಎಷ್ಟು ಬಂತು?

1967ರ ಲೋಕಸಭಾ ಚುನಾವಣೆಯಲ್ಲಿ ಇನ್ನೂ ಒಂದು ಸೋಜಿಗ ಇದೆ. ಈಶಾನ್ಯ ಬೊಂಬಾಯಿಯಲ್ಲಿ ಕೇರಳದ ವಿ. ಕೆ. ಕೃಷ್ಣ ಮೆನನ್ ನಿಂತಿದ್ದರು. ಸೇನೆ ಅವರ ವಿರುದ್ಧ ಜೋರಾಗಿ ಪ್ರಚಾರ ಮಾಡಿತು, ಅವರು ಸೋತರು. ಅದೇ ಚುನಾವಣೆಯಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್. ಕೆ. ಪಾಟೀಲರನ್ನು ಸೋಲಿಸಿದವರು ಯಾರು ಗೊತ್ತೆ? ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್. ಟ್ಯಾಕ್ಸಿಯವರು, ಮುನಿಸಿಪಾಲಿಟಿಯವರು, ಹೊಟೇಲಿನವರು ಎಲ್ಲರನ್ನೂ ಸಂಘಟಿಸಿದ್ದ ಮನುಷ್ಯ. ಅಂದರೆ ಅದೇ ನಗರ, ಅದೇ ವರ್ಷ, ತಮ್ಮ ಕೂಲಿಗಾಗಿ ಹೋರಾಡಿದವನ ಊರು ಯಾವುದೆಂದು ಕೇಳದೆ ಓಟು ಹಾಕಿತ್ತು. ಪ್ರಶ್ನೆಯನ್ನು ‘ನಿನ್ನ ಕೂಲಿ ಎಷ್ಟು’ ಎಂದು ಕೇಳಿದರೆ ಒಂದು ಉತ್ತರ, ‘ನಿನ್ನ ಊರು ಯಾವುದು’ ಎಂದು ಕೇಳಿದರೆ ಇನ್ನೊಂದು ಉತ್ತರ ಎಂದು ನನಗನಿಸುತ್ತದೆ.

ಮರುವರ್ಷ, 1968ರಲ್ಲಿ, ಬೊಂಬಾಯಿ ನಗರಪಾಲಿಕೆಯ 140 ಸ್ಥಾನಗಳಲ್ಲಿ 42 ಸೇನೆಯ ಪಾಲಾಯಿತು. 1969ರ ಫೆಬ್ರವರಿಯಲ್ಲಿ ಬೆಳಗಾವಿ, ಕಾರವಾರದ ಗಡಿ ವಿಷಯ ಎತ್ತಿಕೊಂಡು ನಗರ ಹೊತ್ತಿ ಉರಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಹೊಟೇಲುಗಳು ಮತ್ತೆ ಪುಡಿಯಾದವು. ಠಾಕ್ರೆಯವರನ್ನು ಬಂಧಿಸಿದರು. ಆ ವಾರ ನಮ್ಮ ಪೇಟೆಯಲ್ಲಿ ರೇಡಿಯೋ ಇದ್ದ ಅಂಗಡಿಯ ಮುಂದೆ ಹೆಂಗಸರೂ ಬಂದು ನಿಂತದ್ದು ನನಗೆ ನೆನಪಿದೆ. ಸಾಮಾನ್ಯವಾಗಿ ಅಲ್ಲಿಗೆ ಗಂಡಸರು ಮಾತ್ರ ಹೋಗುತ್ತಿದ್ದರು. ಹದಿನೈದು ದಿನ ಕಳೆದು ಮಾವನ ಕಾಗದ ಬಂತು. ಅಲ್ಲಿಯವರೆಗೆ ಅಜ್ಜಿ ಮನೆಯ ದೈವಕ್ಕೆ ಹೇಳಿಕೊಂಡ ಹರಕೆಗಳನ್ನು ಆಮೇಲೆ ತೀರಿಸಲು ಎರಡು ವರ್ಷ ಹಿಡಿಯಿತು.

ಇಷ್ಟೆಲ್ಲಾ ಆಗಿ ಆ ಮರಾಠಿ ಹುಡುಗನಿಗೆ ಸಿಕ್ಕಿದ್ದೇನು? ಕೆಲವರಿಗೆ ಬ್ಯಾಂಕು, ಸರಕಾರಿ ಕಂಪನಿಗಳಲ್ಲಿ ಕೆಲಸ ಸಿಕ್ಕಿತು, ಅದನ್ನು ಇಲ್ಲವೆನ್ನಲಾಗದು. ಆದರೆ 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಒಂದು ಲಕ್ಷಕ್ಕೂ ಮಿಕ್ಕಿ ಜನ ಕೆಲಸಕ್ಕೆ ಮರಳಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಜಾಗದಲ್ಲಿ ಆಕಾಶ ಮುಟ್ಟುವ ಕಟ್ಟಡಗಳೂ ಮಾಲ್‌ಗಳೂ ಎದ್ದವು. ರತ್ನಾಗಿರಿಯವನ ಕೆಲಸ ಕಸಿದದ್ದು ಲೋಟ ತೊಳೆಯುತ್ತಿದ್ದ ಬಜಗೋಳಿಯ ಹುಡುಗನಲ್ಲ. ಆದರೂ ಕಲ್ಲಿನ ಗುರಿ ಮಾತ್ರ ಬದಲಾಗುತ್ತಾ ಹೋಯಿತು. 1992-93ರಲ್ಲಿ ಮುಸಲ್ಮಾನರು, 2008ರಲ್ಲಿ, ಸೇನೆಯಿಂದ ಒಡೆದು ಬಂದ ರಾಜ್ ಠಾಕ್ರೆಯವರ ಪಕ್ಷದ ಕಾಲಕ್ಕೆ, ಉತ್ತರ ಪ್ರದೇಶ, ಬಿಹಾರದಿಂದ ಬಂದ ಟ್ಯಾಕ್ಸಿಯವರೂ ರೈಲ್ವೆ ಪರೀಕ್ಷೆ ಬರೆಯಲು ಬಂದ ಹುಡುಗರೂ. ಅಷ್ಟು ಹೊತ್ತಿಗೆ ನಮ್ಮವರು ‘ಒಳಗಿನವರು’ ಆಗಿಬಿಟ್ಟಿದ್ದರು. ಲುಂಗಿಯ ಕತೆ ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮೊಮ್ಮಕ್ಕಳಿಗೆ ತಮಾಷೆಯಾಗಿ ಕೇಳುತ್ತದೆ.

ಒಂದು ಕಾಲಕ್ಕೆ ಪೆಟ್ಟು ತಿಂದವರು ಇನ್ನೊಬ್ಬರಿಗೆ ಪೆಟ್ಟು ಕೊಡಲಾರರು ಎಂದು ನಂಬುವುದು ಸುಲಭ. ಆದರೆ 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳು ಕೇರಿಗಳಿಗೆ ಬೆಂಕಿ ಬಿತ್ತು. ಸುಟ್ಟವುಗಳಲ್ಲಿ ಕೂಲಿಯವರ ಗುಡಿಸಲುಗಳೂ ಇದ್ದವು. ನೀರು ಬಿಡುವ ಬಿಡದಿರುವ ಅಧಿಕಾರ ಆ ಗುಡಿಸಲಿನಲ್ಲಿ ಇರಲಿಲ್ಲ. 2012ರ ಆಗಸ್ಟಿನಲ್ಲಿ ಮೊಬೈಲಿನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ಬೆಂಗಳೂರು ಬಿಟ್ಟು ಓಡಿದರು; ಗುವಾಹಾಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆ ಹುಡುಗರಲ್ಲಿ ಎಷ್ಟೋ ಮಂದಿ ಹೊಟೇಲುಗಳಲ್ಲಿ ಲೋಟ ತೊಳೆಯುತ್ತಿದ್ದವರು, ಬಾಗಿಲು ಕಾಯುತ್ತಿದ್ದವರು.

ಈಗ ಬಜಗೋಳಿಗೆ ಬನ್ನಿ. ನಮ್ಮ ಹುಡುಗರು ಮುಂಬಯಿ, ಬೆಂಗಳೂರು, ಗಲ್ಫು ಸೇರಿದ್ದಾರೆ. ಮನೆ ಕಟ್ಟಲು, ಕಲ್ಲುಕೋರೆಗೆ, ಅಡಿಕೆ ತೋಟಕ್ಕೆ, ಹೊಟೇಲಿಗೆ ಜನ ಇಲ್ಲ. ಮೊದಲು ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು ಮಕ್ಕಳುಮರಿ ಕಟ್ಟಿಕೊಂಡು ಬಂದರು. ಅವರು ಕನ್ನಡದವರೇ ಆದರೂ ನಮಗೆ ‘ಘಟ್ಟದವರು’. ಆಮೇಲೆ ಜಾರ್ಖಂಡ್, ಒಡಿಶಾ, ಬಂಗಾಳದವರು ಬಂದರು. ಅವರೆಲ್ಲ ಒಟ್ಟಿಗೆ ‘ಹಿಂದಿಯವರು’. ಒಡಿಯಾ ಬೇರೆ, ಬಂಗಾಳಿ ಬೇರೆ ಎಂದು ನಮಗೆ ವಿವರಿಸುವವರು ಯಾರು? ಮದುವೆ ಮನೆಯಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ ಮಾತು ಏಳುತ್ತದೆ: ಇವರಿಂದ ನಮ್ಮವರಿಗೆ ಕೆಲಸ ಇಲ್ಲ, ಕಳ್ಳತನ ಜಾಸ್ತಿ, ಅವರ ಅಡಿಗೆಯ ವಾಸನೆ, ಅವರ ಪಾನ್ ಉಗುಳು. ಅದೇ ವಾರ ಅದೇ ಮನೆಯ ತೋಟಕ್ಕೆ ನಾಲ್ಕು ಜನ ಬೇಕೆಂದು ಅವರ ಮೇಸ್ತ್ರಿಗೆ ಫೋನು ಹೋಗಿರುತ್ತದೆ.

ಇದರಲ್ಲಿ ನಿಜವಾದ ಸಂಕಟವೂ ಇದೆ, ಅದನ್ನು ಮುಚ್ಚಿಡಬಾರದು. ನಮ್ಮಲ್ಲೇ ಉಳಿದ ಬಡ ಹೆಂಗಸರು, ಬೀಡಿ ಕಟ್ಟುವ ಕೆಲಸ ಕಡಿಮೆಯಾಗಿ ಕೂಲಿಗೆ ಹೊರಟವರು, ‘ಅವರು ಕಮ್ಮಿಗೆ ಬರುತ್ತಾರೆ’ ಎಂದಾಗ ಅದು ದ್ವೇಷದ ಮಾತಲ್ಲ, ಹೊಟ್ಟೆಯ ಮಾತು. ಆದರೆ ಕಮ್ಮಿಗೆ ಬರುವುದರ ಲಾಭ ಯಾರಿಗೆ? ಬಂದವನಿಗಂತೂ ಅಲ್ಲ. ನಡುವೆ ನಿಂತ ಮೇಸ್ತ್ರಿಗೆ, ಕೆಲಸ ಮಾಡಿಸುವ ನಮಗೆ. 1979ರಲ್ಲೇ ಬಂದ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನು, ಅದೇ ಕೆಲಸಕ್ಕೆ ಊರಿನವರಿಗೆ ಕೊಡುವ ಕೂಲಿಗಿಂತ ಹೊರಗಿನಿಂದ ಕರೆತಂದವರಿಗೆ ಕಡಿಮೆ ಕೊಡಬಾರದು ಎಂದಿತ್ತು. ಅದನ್ನು ಸರಿಯಾಗಿ ನಡೆಸಿದ್ದರೆ ಊರಿನವಳನ್ನು ಬಿಟ್ಟು ಹೊರಗಿನವನನ್ನು ಕರೆಯಬೇಕಾದ ಆಸೆಯೇ ಯಾರಿಗೂ ಹುಟ್ಟುತ್ತಿರಲಿಲ್ಲ. ಕೂಲಿಯ ಲೆಕ್ಕ ನೋಡಲು ಇನ್‌ಸ್ಪೆಕ್ಟರು ಬೇಕು, ದಾಖಲೆ ಬೇಕು, ಖರ್ಚೂ ಇದೆ. ಹೊರಗಿನವನನ್ನು ಬೈಯಲು ಒಂದು ಮೈಕು ಸಾಕು.

ಊರಿನವರಿಗೆ ಕೆಲಸ ಬೇಕೆಂದು ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಸರೋಜಿನಿ ಮಹಿಷಿಯವರ ಸಮಿತಿ 1986ರಲ್ಲಿ 58 ಶಿಫಾರಸುಗಳ ವರದಿ ಕೊಟ್ಟಿತು. ಒಬ್ಬ ವಿದ್ಯಾವಂತ ಹೆಣ್ಣುಮಗಳು ಕಾಗದದ ಮೇಲೆ ಕ್ರಮವಾಗಿ ಇಟ್ಟ ಬೇಡಿಕೆ ಅದು; ಯಾರ ಗಾಜೂ ಅದರಿಂದ ಒಡೆಯಲಿಲ್ಲ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಎಂಬ ಮಸೂದೆಗೆ ನಮ್ಮ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗಲಾಟೆ ಮಾಡಿದ ಮೇಲೆ ಎರಡೇ ದಿನದಲ್ಲಿ ತಡೆಹಿಡಿಯಿತು. ಬಂಡವಾಳ ಇದ್ದವರು ಒಂದು ಮಾತು ಹೇಳಿದರೆ ಕಡತ ಮುಚ್ಚುತ್ತದೆ. ಆ ಸಿಟ್ಟು ಆಮೇಲೆ ಇಳಿಯುವುದು ಪಾನಿಪೂರಿ ಗಾಡಿಯವನ ಮೇಲೆ. ಬೊಂಬಾಯಿಯ ಮೂರನೆಯ ಮಾಳಿಗೆ, ಬೀದಿ ಮೂಲೆಯ ಹೊಟೇಲು, ಎರಡೂ ಇಲ್ಲೂ ಇವೆ.

ನಮ್ಮ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಭಾನುವಾರ ಬೆಳಗ್ಗೆ ಈ ಹುಡುಗರು ಸಾಲಾಗಿ ನಿಂತಿರುತ್ತಾರೆ. ಕೈಯಲ್ಲಿ ವಾರದ ಕೂಲಿ. ಅಂಗಡಿಯವನಿಗೆ ನೋಟು ಕೊಟ್ಟರೆ ಅವನು ಒತ್ತುವ ಗುಂಡಿಗೆ ಆ ಹಣ ಎಲ್ಲೋ ರಾಂಚಿಯ ಆಚೆಯ ಹಳ್ಳಿಗೆ ಹೋಗುತ್ತದೆ. ತಿಂಗಳು ಕಾಯಬೇಕಾಗಿಲ್ಲ, ಟಪ್ಪಾಲಿನವ ಬರಬೇಕಾಗಿಲ್ಲ. ಹಣ ಮುಟ್ಟಿತೇ ಎಂದು ಒಬ್ಬ ಫೋನಿನಲ್ಲಿ ಕೇಳುತ್ತಾನೆ. ಆಚೆಯಿಂದ ಹೆಂಗಸಿನ ದನಿ. ಅವರ ಮಾತು ನನಗೆ ತಿಳಿಯುವುದಿಲ್ಲ. ಅಕ್ಕಿಯ ಲೆಕ್ಕವೇ ಇರಬೇಕೆಂದು ನಾನು ಅಂದುಕೊಳ್ಳುತ್ತೇನೆ.